ಬಾಗಿಲಿಗೆ ಇಳಿಬಿಟ್ಟ ಕೆಂಪು ಬಟ್ಟೆ

ಬಾಬ್ ಜೈತೂನ್ ಕೇರಿಯಲ್ಲಿ ಮಹ್ಜೂಬಾಳ ಕೈಯಲ್ಲಿ ಬೆನ್ನು ಉಜ್ಜಿಸಿಕೊಳ್ಳದೆ ದೊಡ್ಡವರಾದವರು ಯಾರೂ ಇಲ್ಲ. ಹೆಂಗಸರ ಮಾತು ಬಿಡಿ, ಇವತ್ತು ಮೀಸೆ ತಿರುವುತ್ತಾ ಚಹಾದಂಗಡಿಯಲ್ಲಿ ಕೂತು ದೇಶದ ರಾಜಕೀಯ ಬಗೆಹರಿಸುವ ಗಂಡಸರೂ ಅಷ್ಟೇ. ಹಾಲುಹಲ್ಲಿನ ವಯಸ್ಸಿನಲ್ಲಿ ಅಮ್ಮನ ಕೈ ಹಿಡಿದು ಅಳುತ್ತಾ ಕೇರಿಯ ಸ್ನಾನದ ಮನೆಯಾದ ಹಮಾಮಿಗೆ ಬಂದು, ಅವಳ ಒರಟು ಕೈಗವಸಿನ ಕೆಳಗೆ ಚರ್ಮ ಸುಲಿಸಿಕೊಂಡು, ಕೆಂಪಗಾಗಿ, ಕಿತ್ತಳೆ ಹಣ್ಣು ಚೀಪುತ್ತಾ ಮನೆಗೆ ಹೋದವರೇ ಎಲ್ಲರೂ. ಅವರಿಗೆಲ್ಲ ಅವಳು ಖಾಲಾ, ಅಂದರೆ ಚಿಕ್ಕಮ್ಮ.

ಗಂಡುಹುಡುಗರಿಗೆ ಆ ಭಾಗ್ಯ ಎಷ್ಟು ದಿನ ಅಂತ ತೀರ್ಮಾನಿಸುವವಳು ತಾಯಿಯಲ್ಲ, ಮಹ್ಜೂಬಾ. ಹುಡುಗನ ಕಣ್ಣು ನೀರಿನ ಮೇಲಿಂದ ಎದ್ದು ಅಕ್ಕಪಕ್ಕ ಸುತ್ತಾಡಲು ಶುರುವಾಯಿತೋ, ಅವಳು ಕೈಗವಸು ಕಳಚಿ ಸೊಂಟದ ಮೇಲೆ ಕೈಯಿಟ್ಟು, ಇಡೀ ಹಮಾಮು ಕೇಳುವಂತೆ ಹೇಳುತ್ತಿದ್ದಳು. "ಇವನ್ನ ಇನ್ನೊಂದ್ಸಲ ಕರ್ಕೊಂಡು ಬರೋದಾದ್ರೆ ಇವನ ಅಪ್ಪನ್ನೂ ಕರ್ಕೊಂಡು ಬಾ ಕಣೇ!" ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಹುಡುಗ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಾಗಿಲಾಚೆ ಓಡುತ್ತಿದ್ದ. ಅಲ್ಲಿಂದಾಚೆ ಅವನು ಅಪ್ಪನ ಜೊತೆ ಬೆಳಗಿನ ಗಂಡಸರ ಹೊತ್ತಿಗೆ ಬರಬೇಕು.

ಒಂದೇ ಕಟ್ಟಡ, ಒಂದೇ ಒಲೆ, ಒಂದೇ ಬಾಗಿಲು. ಬೆಳಗಿನಿಂದ ಮಧ್ಯಾಹ್ನದ ನಮಾಜಿನ ಕರೆಯವರೆಗೆ ಗಂಡಸರು, ಆಮೇಲೆ ಸಂಜೆಯವರೆಗೆ ಹೆಂಗಸರು. ಬಾಗಿಲಿಗೆ ಕೆಂಪು ಬಟ್ಟೆ ಇಳಿಬಿಟ್ಟರೆ ಒಳಗೆ ಹೆಂಗಸರಿದ್ದಾರೆ ಎಂದರ್ಥ. ಆ ಬಟ್ಟೆಗೆ ಬೀಗವಿಲ್ಲ, ಚಿಲಕವಿಲ್ಲ, ಗಾಳಿ ಬಂದರೆ ಹಾರುತ್ತದೆ. ಆದರೂ ಕತ್ತೆಯ ಮೇಲೆ ಪುದೀನಾ ಹೇರಿಕೊಂಡು ಬರುವವನು ಸಹ ಅದನ್ನು ಕಂಡರೆ ಮುಖ ಗೋಡೆಯ ಕಡೆ ತಿರುಗಿಸಿಕೊಂಡೇ ದಾಟುತ್ತಾನೆ. ಮಹ್ಜೂಬಾಳ ಅತ್ತೆ ಸಾಯುವ ಮುಂಚೆ ಸೊಸೆಗೆ ಬಿಟ್ಟುಹೋದದ್ದು ಆ ಬಟ್ಟೆಯೊಂದನ್ನೇ. "ಇದು ಸುಳ್ಳು ಹೇಳ್ಬಾರ್ದು ಕಣಮ್ಮ. ಒಂದ್ಸಲ ಸುಳ್ಳು ಹೇಳ್ತು ಅಂದ್ರೆ ಆಮೇಲೆ ಒರೆಸೋ ಬಟ್ಟೆ ಆಗ್ಬಿಡತ್ತೆ," ಅಂದಿದ್ದಳು ಮುದುಕಿ. ಗಂಡ ಬೇಗ ತೀರಿಕೊಂಡ, ಮಕ್ಕಳಾಗಲಿಲ್ಲ. ಮಹ್ಜೂಬಾ ಬಟ್ಟೆಯನ್ನು ಒಗೆದು, ಹರಿದಲ್ಲಿ ಹೊಲಿದು, ಬಣ್ಣ ಮಾಸಿದಾಗ ಮತ್ತೆ ಅದ್ದಿಸಿ ಬದುಕು ಸಾಗಿಸಿದಳು.

ದೇಶದ ಉಸಾಬರಿ ಅವಳಿಗೆ ಬೇಕಿರಲಿಲ್ಲ. ನಹ್ರಾನ್ ದೇಶವನ್ನು ಯಾರು ಆಳಿದರೇನು, ನೀರು ಬಿಸಿಯಾಗಿರಬೇಕು, ಅಷ್ಟೇ. ಆದರೆ ಅಧ್ಯಕ್ಷರ ಭಾವಮೈದ ಊರಿನ ನೀರಿನ ಕಂಪನಿಯನ್ನು ಕೈಗೆ ತೆಗೆದುಕೊಂಡ ಮೇಲೆ ನೀರೇ ಇಲ್ಲವಾಯಿತು. ಹೊಸ ಕೊಳವೆ ಹಾಕುತ್ತೇವೆಂದು ಗಲ್ಲಿಗಳನ್ನೆಲ್ಲ ಅಗೆದು ಹಾಗೇ ಬಿಟ್ಟುಹೋದರು. ಗುಡ್ಡದ ಮೇಲಿನ ದೊಡ್ಡವರ ತೋಟಗಳಲ್ಲಿ ಮಾತ್ರ ಕಾರಂಜಿ ಹಗಲೂ ಇರುಳೂ ಚಿಮ್ಮುತ್ತಿತ್ತು. ನಲ್ಲಿ ತಿರುಗಿಸಿದರೆ ಮೊದಲು ಕೆಮ್ಮು, ಆಮೇಲೆ ಕೆಸರು, ಆಮೇಲೆ ಏನೂ ಇಲ್ಲ. ಹಸುಗೂಸಿನ ತಲೆ ತೊಳೆಯಲು ನೀರಿಲ್ಲದೆ ಬಾಣಂತಿಯೊಬ್ಬಳು ಹಮಾಮಿನಿಂದ ವಾಪಸ್ಸು ಹೋದ ದಿನ ಮಹ್ಜೂಬಾ ಒಲೆ ಹಾಗೇ ಬಿಟ್ಟು ಹೊರಗೆ ಬಂದಳು. ಗುಡ್ಡದ ಕಡೆ ನೋಡಿ ಭಾವಮೈದನಿಗೆ ಅವಳು ಹಾಕಿದ ಶಾಪವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆ ಬೇಸಿಗೆಯಲ್ಲೇ ಜನ ಬೀದಿಗಿಳಿದರು. ಕೈಯಲ್ಲಿ ಬಾವುಟವಿಲ್ಲ, ಕೋಲಿಲ್ಲ, ಖಾಲಿ ಬಕೆಟ್ಟು. ಕಾರಂಜಿ ಚೌಕದ ತುಂಬ ನಿಂತು ಅದನ್ನು ಬಡಿದರು. ಗುಡ್ಡದ ಮೇಲೆ ಯಾರಿಗೂ ನಿದ್ದೆ ಬರಬಾರದು, ಅದೇ ಲೆಕ್ಕ. ಹಮಾಮಿನ ಬಕೆಟ್ಟುಗಳೂ ಒಂದೊಂದಾಗಿ ಮಾಯವಾದವು. "ಕ್ರಾಂತಿ ಮಾಡೋರು ಮಾಡ್ಲಿ, ನನ್ನ ಬಕೆಟ್ ತಳ ಒಡ್ಕೊಂಡು ಬಂದ್ರೆ ಚರ್ಮ ಸುಲೀತೀನಿ," ಎಂದು ಮಹ್ಜೂಬಾ ಗೊಣಗಿದಳು. ಆದರೆ ಯಾರನ್ನೂ ತಡೆಯಲಿಲ್ಲ.

ಪೊಲೀಸರು ಚೌಕಕ್ಕೆ ನುಗ್ಗಿದ ದಿನ ಅವಳು ಒಬ್ಬಳೇ ತೊಟ್ಟಿಯಲ್ಲಿ ಹಿಡಿದಿಟ್ಟಿದ್ದ ಅಷ್ಟಿಷ್ಟು ನೀರಿನಲ್ಲಿ ಒಳಗಿನ ಕಲ್ಲು ತೊಳೆಯುತ್ತಿದ್ದಳು. ಒಬ್ಬಳೇ ಅಂದರೆ, ಹಾಜ್ಜಾ ತಾಮೂ ಇದ್ದಳು. ಹಜ್ ಮಾಡಿ ಬಂದರೂ ನಾಲಿಗೆ ತೊಳೆದುಕೊಂಡು ಬರಲಿಲ್ಲ ಎಂದು ಸೊಸೆಯಂದಿರು ಬೆನ್ನ ಹಿಂದೆ ಆಡಿಕೊಳ್ಳುವ ಮುದುಕಿ. ಬಿಸಿ ಗೋಡೆಯ ಪಕ್ಕದ ಜಾಗವನ್ನು ಬೇರೆ ಯಾರೂ ಹಿಡಿಯಬಾರದೆಂದು ಅವಳು ದಿನಾ ನಮಾಜಿನ ಕರೆಗೆ ಬಹಳ ಮುಂಚೆಯೇ ಬಂದು ಹೊರಕೋಣೆಯ ಬೆಂಚಿನ ಮೇಲೆ ಬಕೆಟ್ಟು ತಬ್ಬಿಕೊಂಡು ಕೂತಿರುತ್ತಿದ್ದಳು. ಆವತ್ತು ಗಂಡಸರ ಹೊತ್ತಾದರೂ ಒಬ್ಬ ಗಂಡಸೂ ಬಂದಿರಲಿಲ್ಲ. ಎಲ್ಲರೂ ಚೌಕದಲ್ಲಿದ್ದರು.

ಮೊದಲು ಗುಂಡಿನ ಸದ್ದು ಕೇಳಿಸಿತು. ಬಕೆಟ್ಟಿನ ಸದ್ದು ನಿಂತಿತು. ಆಮೇಲೆ ಗಲ್ಲಿಯಲ್ಲಿ ಓಡುವ ಕಾಲುಗಳು. ಐದಾರು ಹುಡುಗರು ಬಾಗಿಲಿನಿಂದ ಒಬ್ಬರ ಮೇಲೊಬ್ಬರು ಬಿದ್ದಂತೆ ಒಳಗೆ ನುಗ್ಗಿದರು. ಮುಂದಿದ್ದವನು ಹಾಜ್ಜಾ ತಾಮೂಳ ಮೊಮ್ಮಗ ಜವಾದ್. ಒಂದು ಕಾಲಲ್ಲಿ ನೀಲಿ ಶೂ, ಇನ್ನೊಂದು ಕಾಲು ಬರಿದು.

"ಖಾಲಾ, ಹಿಂದೇನೇ ಬರ್ತಿದಾರೆ," ಅಂದ. ಏದುಸಿರು ಬಿಡುತ್ತಿದ್ದ. "ಶೂ ಹೊಸಿಲ ಹತ್ರಾನೇ ಬಿದ್ದೋಯ್ತು..."

"ಶೂ ಮನೆ ಹಾಳಾಯ್ತು, ನಡಿಯೋ ಒಳಗೆ!" ಮಹ್ಜೂಬಾ ಅವರನ್ನು ಕುರಿ ಅಟ್ಟಿದಂತೆ ಬಿಸಿ ಕೋಣೆಗೆ ಅಟ್ಟಿದಳು. ಆ ಕೋಣೆಗೆ ಬೇರೆ ಬಾಗಿಲಿಲ್ಲ, ಒಲೆಯ ಹಿಂದಿನ ಸೌದೆ ಕಿಂಡಿಯಲ್ಲಿ ಒಬ್ಬೊಬ್ಬರೇ ನುಸುಳಲು ಈಗ ಹೊತ್ತಿಲ್ಲ. ಹೊರಗೆ ಜೀಪು ನಿಂತ ಸದ್ದಾಯಿತು.

ಅವಳ ಕಣ್ಣು ಮೊಳೆಗೆ ಸಿಕ್ಕಿಸಿದ್ದ ಕೆಂಪು ಬಟ್ಟೆಯ ಮೇಲೆ ಹೋಯಿತು. ಕೈ ಹೋಗಲಿಲ್ಲ. ಅತ್ತೆಯ ಮಾತು ಕಿವಿಯಲ್ಲಿತ್ತು. ಒಳಗೆ ಗಂಡುಹುಡುಗರನ್ನು ಇಟ್ಟುಕೊಂಡು ಬಟ್ಟೆ ಇಳಿಬಿಟ್ಟರೆ ನಾಳೆ ಯಾವ ಹೆಣ್ಣುಮಗಳು ಅದನ್ನು ನಂಬಿ ಒಳಗೆ ಬಂದಾಳು? ಯಾವ ಗಂಡ ಕಳಿಸಿಯಾನು? ಅವಳ ಹತ್ತಿರ ಇದ್ದದ್ದು ಆ ನಂಬಿಕೆಯೊಂದೇ.

"ಏನೇ ನೋಡ್ತಾ ನಿಂತೆ, ಹೊಸ ಸೊಸೆ ಥರ?" ಎಂದಳು ಹಾಜ್ಜಾ ತಾಮೂ ಬೆಂಚಿನಿಂದ. "ಬಿಡೇ ಬಟ್ಟೆ!"

ಬಿಟ್ಟಳು. ಬಟ್ಟೆಯ ಹೊರಗೆ ಹೋಗಿ ಹೊಸಿಲಿಗೆ ಅಡ್ಡವಾಗಿ, ಸೊಂಟಕ್ಕೆ ಕೈಕೊಟ್ಟು ನಿಂತಳು. ಹಿಂದಕ್ಕೆ ತಿರುಗಿ ನೋಡಲಿಲ್ಲ.

ಜೀಪಿನಿಂದ ಇಳಿದವನು ಸರ್ಹಾನ್. ಇದೇ ಕೇರಿಯ ವರ್ದಿಯಾಳ ಒಬ್ಬನೇ ಮಗ. ಪೊಲೀಸ್ ಸೇರಿ ಇನ್‌ಸ್ಪೆಕ್ಟರನಾಗಿ, ತನ್ನದೇ ಕೇರಿಯ ಜನರ ಮೇಲೆ ಲಾಠಿ ಬೀಸಿದವನು. ಚರ್ಮ ಹದಮಾಡುವ ಬೂಜಮ್ಆನ ಪಕ್ಕೆಲುಬು ಮುರಿದಿದ್ದೂ ಇವನೇ. ಹಿಂದೆ ಬಂದೂಕು ಹಿಡಿದ ನಾಲ್ಕು ಮಂದಿ ಇದ್ದರು. ಅವರ್ಯಾರೂ ಈ ಊರಿನವರಲ್ಲ.

"ಖಾಲಾ, ಪಕ್ಕಕ್ಕೆ ಸರಿ. ಹುಡುಗ್ರು ಒಳಗೆ ನುಗ್ಗಿದಾರೆ."

"ಬಟ್ಟೆ ಕಾಣಿಸ್ತಾ ಇಲ್ವಾ ನಿಂಗೆ?"

"ಇನ್ನೂ ನಮಾಜಿನ ಕರೆ ಆಗಿಲ್ಲ. ಇದು ಗಂಡಸರ ಹೊತ್ತು."

"ಗಂಡಸ್ರೆಲ್ಲ ಚೌಕದಲ್ಲಿ ನಿನ್ನ ಕೈಲಿ ಏಟು ತಿಂತಾ ಇದಾರಲ್ಲಪ್ಪ, ಇಲ್ಲಿಗ್ಯಾರು ಬರ್ತಾರೆ? ಮದುವೆ ಹೆಣ್ಣಿನ ಸ್ನಾನ ಇತ್ತು, ಬೇಗ ಶುರು ಮಾಡ್ಕೊಂಡ್ವಿ."

ಒಳಗಿದ್ದ ಮುದುಕಿಗೆ ಅಷ್ಟು ಸಾಕಾಯಿತು. ಮದುವೆಯಲ್ಲಿ ಹೆಂಗಸರು ನಾಲಿಗೆ ಕುಣಿಸಿ ಕೂಗುತ್ತಾರಲ್ಲ, ಆ ಕೂಗು ಹಮಾಮಿನ ಗುಮ್ಮಟಕ್ಕೆ ಬಡಿದು ಹತ್ತಾಗಿ ಹೊರಬಂತು. ಜೊತೆಗೆ ಬಕೆಟ್ಟು ಬಡಿತ. ಅದೂ ಸಾಲದೆಂದು ಇಲ್ಲದ ಹೆಂಗಸರ ಜೊತೆ ಜಗಳ ಬೇರೆ. "ಏ ಮಿಲೂದಾ, ನನ್ನ ಜಾಗಕ್ಕೆ ಯಾಕೆ ಕಾಲು ಚಾಚ್ತೀಯೇ? ನಿಮ್ಮಮ್ಮನೂ ಹಿಂಗೇನೇ! ಲೇ, ಮದುವೆ ಹೆಣ್ಣಿನ ಕಣ್ಣಿಗೆ ಸೋಪು ಬಿತ್ತು ನೋಡ್ರೇ!" ಹೊರಗೆ ನಿಂತ ಮಹ್ಜೂಬಾಳಿಗೇ ಒಂದು ಗಳಿಗೆ ಒಳಗೆ ದಿಬ್ಬಣ ಇಳಿದಿದೆ ಅನ್ನಿಸಿತು.

ಸರ್ಹಾನ್ ಒಂದು ಹೆಜ್ಜೆ ಮುಂದಿಟ್ಟ. ಅವನ ಬೂಟು ಹೊಸಿಲಿಗೆ ತಾಗಿತು. ಮಹ್ಜೂಬಾ ಕದಲಲಿಲ್ಲ. ಬಾಯಿಯೂ ಎಂದಿನ ಬಾಯಿಯೇ.

"ಏಳು ವರ್ಷದವನಿದ್ದಾಗ ಇದೇ ಬಾಗಿಲಿಂದ ನಿನ್ನ ಆಚೆ ಹಾಕಿದ್ದೆ, ನೆನಪಿದ್ಯಾ ಸರ್ಹಾನ್? ನಿಮ್ಮಮ್ಮಂಗೆ ಏನು ಹೇಳಿದ್ದೆ? ಒಳಗೆ ಬರ್ಲೇಬೇಕು ಅಂದ್ರೆ ಹೋಗು, ಅಪ್ಪನ್ನ ಕರ್ಕೊಂಡು ಬಾ!"

ಹಿಂದಿದ್ದ ನಾಲ್ವರಲ್ಲಿ ಒಬ್ಬ ಕಿಸಕ್ಕೆಂದು ನಕ್ಕ. ಸರ್ಹಾನನ ಕಿವಿ ಕೆಂಪಾಯಿತು. ಅವನು ತಲೆ ತಗ್ಗಿಸಿ ನೆಲ ನೋಡುತ್ತಾ ಸ್ವಲ್ಪ ಹೊತ್ತು ಹಾಗೇ ನಿಂತ. ಕಾಲು ಒಮ್ಮೆ ಸರಿದಾಡಿತು. ಆಮೇಲೆ ತಿರುಗಿ, "ಹೆಂಗಸರ ಸ್ನಾನ. ನಡೀರಿ, ಮುಂದಿನ ಗಲ್ಲಿ ನೋಡೋಣ," ಅಂದ. ಜೀಪು ಹೊರಟುಹೋಯಿತು.

ಹುಡುಗರನ್ನು ಒಲೆಯ ಹಿಂದಿನ ಸೌದೆ ಕಿಂಡಿಯಿಂದ ಒಬ್ಬೊಬ್ಬರಾಗಿ ಆಚೆ ಕಳಿಸಿದ ಮೇಲೆ ಮಹ್ಜೂಬಾ ಹೊರಕೋಣೆಯ ನೆಲ ಒರೆಸಲು ಬಂದರೆ, ಬಟ್ಟೆಯ ಒಳಮಗ್ಗುಲಲ್ಲಿ ನೀಲಿ ಶೂ ಬಿದ್ದಿತ್ತು. ಹೊರಗೆ ಬಿತ್ತು ಅಂತ ಬಡ್ಕೋತಿದ್ದ ಮುಂಡೇದು, ಇಲ್ಲೇ ಇದೆಯಲ್ಲ ಅಂದುಕೊಂಡು ಹಾಜ್ಜಾ ತಾಮೂಳ ಬಕೆಟ್ಟಿಗೆ ಹಾಕಿದಳು. ಮುದುಕಿ ಅದರ ಮೇಲೆ ಟವೆಲ್ಲು ಮುಚ್ಚಿ ಮೊಮ್ಮಗನಿಗೆ ತಲುಪಿಸಿದಳು.

ಇಷ್ಟಾದ ಮೇಲೆ ಬಹಳ ದಿನ ಹಿಡಿಯಲಿಲ್ಲ. ಸೈನಿಕರು ಬಂದೂಕು ಕೆಳಗಿಟ್ಟು ಜನರ ಜೊತೆ ಬಕೆಟ್ಟು ಹಿಡಿದರು. ಅಧ್ಯಕ್ಷರು ವಿಮಾನ ಹತ್ತಿದರು. ಭಾವಮೈದ ಮೀನಿನ ದೋಣಿಯಲ್ಲಿ ಹೆಂಗಸಿನ ವೇಷದಲ್ಲಿ ಸಿಕ್ಕಿಬಿದ್ದ. ಊರಿಗೆ ಊರೇ ಗುಡ್ಡ ಹತ್ತಿ ಕಾರಂಜಿಯಲ್ಲಿ ಕಾಲು ಇಳಿಬಿಟ್ಟು ಕೂತಿತು.

ಮಹ್ಜೂಬಾ ಕೇರಿಗೆ ಕಣ್ಮಣಿಯಾದಳು. ಮದುವೆ, ನಾಮಕರಣ, ಎಲ್ಲಿ ಹೋದರೂ ಅವಳಿಗೆ ಮೊದಲ ಗ್ಲಾಸು ಚಹಾ. "ಖಾಲಾ, ಆ ಕಥೆ ಹೇಳಿ!" ಹೇಳುತ್ತಿದ್ದಳು. ಪ್ರತಿ ಸಲಕ್ಕೂ ಸ್ವಲ್ಪ ಉಪ್ಪುಖಾರ ಸೇರುತ್ತಿತ್ತು. ಸರ್ಹಾನ್ ತೊದಲಿದ್ದು, ಟೋಪಿ ಕೆಳಗೆ ಬೀಳಿಸಿದ್ದು, ಕೊನೆಗೆ "ಅಮ್ಮಾ" ಅಂದಿದ್ದು. ಚಿಂದಿ ಬಟ್ಟೆಗೆ ಮೋಸಹೋದ ಇನ್‌ಸ್ಪೆಕ್ಟರ್ ಎಂದು ಮಕ್ಕಳು ಗಲ್ಲಿಯಲ್ಲಿ ಆಟ ಕಟ್ಟಿದರು.

ಆದರೆ ಹಮಾಮಿಗೆ ಹೆಂಗಸರು ಬರಲಿಲ್ಲ.

ನೀರೇನೋ ಬಂದಿತ್ತು. ಮಹ್ಜೂಬಾ ಕರೆಯಾದ ಕೂಡಲೇ ಬಟ್ಟೆ ಇಳಿಬಿಟ್ಟು ಕಾಯುತ್ತಿದ್ದಳು. ಯಾರೂ ಬೈಯಲಿಲ್ಲ, ಯಾರೂ ಮುಖ ತಿರುಗಿಸಲಿಲ್ಲ, ಒಬ್ಬೊಬ್ಬರಿಗೂ ಒಂದೊಂದು ನೆಪ. ಮಗುವಿಗೆ ನೆಗಡಿ, ಅತ್ತೆಗೆ ಮಂಡಿನೋವು. ಕೊನೆಗೆ ಕೇರಿಯವರೆಲ್ಲ ಬ್ರೆಡ್ಡು ಸುಡುವ ಒಲೆಯ ಹತ್ತಿರ ಒಬ್ಬಳು ಬಾಯಿಬಿಟ್ಟಳು. "ತಪ್ಪು ತಿಳ್ಕೋಬೇಡಿ ಖಾಲಾ. ನೀವು ಮಾಡಿದ್ದು ಸರೀನೇ. ಆದ್ರೆ ನಮ್ಮೆಜಮಾನ್ರು ಹೇಳ್ತಾರೆ, ಆವತ್ತು ಪೊಲೀಸರೇ ಮೋಸಹೋದ್ರು, ನಾಳೆ ಒಳಗೆ ಯಾರಿದಾರೆ ಅಂತ ನಮಗೆ ಹೆಂಗೆ ಗೊತ್ತಾಗ್ಬೇಕು ಅಂತ." ಹಾಜ್ಜಾ ತಾಮೂಳನ್ನಂತೂ ಮಕ್ಕಳು ಮನೆಯಿಂದಲೇ ಬಿಡಲಿಲ್ಲ. ಗಂಡುಹುಡುಗರ ಜೊತೆ ಹಮಾಮಿನಲ್ಲಿದ್ದ ಹೆಂಗಸು ಅಂತ ಊರು ಆಡಿಕೊಳ್ಳುತ್ತದಂತೆ, ಮುದುಕಿಗೆ ಬಾಯಲ್ಲಿ ಒಂದು ಹಲ್ಲಿಲ್ಲ! ಅವಳು ಕಿಟಕಿಯಿಂದ ಮಕ್ಕಳಿಗೆ ಬೈಯುವುದು ಹಮಾಮಿನ ಬಾಗಿಲಿಗೇ ಕೇಳಿಸುತ್ತಿತ್ತು.

ಹೀಗೆ ಹಗಲು ಖಾಲಿ ಕಲ್ಲಿನ ಮೇಲೆ ಕೂತಿರುವುದು, ಸಂಜೆ ಯಾರದೋ ಮನೆಯಲ್ಲಿ ಕಥೆ ಹೇಳುವುದು. ಅವಳಿಗೆ ಉಳಿದದ್ದು ಆ ಕಥೆಯೊಂದೇ. ದುಃಖವಾಗುತ್ತಿತ್ತು. ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಒಂದು ದಿನ ಬಟ್ಟೆ ಅಲುಗಾಡಿತು. ಒಳಗೆ ಬಂದವಳು ವರ್ದಿಯಾ, ಸರ್ಹಾನನ ತಾಯಿ. ಮಗ ಈಗ ಊರಿನ ಆಡಳಿತ ಹಿಡಿದ ಹೊಸ ಸಮಿತಿಯವರ ಕೈಯಲ್ಲಿ ಸೆರೆಯಾದ ಮೇಲೆ ಅವಳಿಗೆ ಊರಿನ ಯಾವ ಹಮಾಮಿನಲ್ಲೂ ಜಾಗ ಸಿಕ್ಕಿರಲಿಲ್ಲ. ನಾಳೆ ಶಾಲೆಯ ಅಂಗಳದಲ್ಲಿ ಅವನ ವಿಚಾರಣೆ. ಅವನ ಪರವಾಗಿ ಯಾರೂ ಒಂದು ಒಳ್ಳೆಯ ಮಾತಾಡದಿದ್ದರೆ ದಕ್ಷಿಣದ ಉಪ್ಪಿನ ಗಣಿಯ ಜೈಲು. ಆ ಜೈಲನ್ನು ಕಟ್ಟಿಸಿದ್ದು ಹಳೆಯ ಅಧ್ಯಕ್ಷರೇ, ಅಲ್ಲಿಂದ ನಡೆದುಕೊಂಡು ವಾಪಸ್ಸು ಬಂದವರನ್ನು ಕೇರಿ ಕಂಡಿರಲಿಲ್ಲ. ಇದೆಲ್ಲ ಮಹ್ಜೂಬಾಳಿಗೆ ಗೊತ್ತಿತ್ತು.

"ನಾನಿಲ್ಲಿ ಕೂತ್ಕೋಬಹುದಾ?" ಎಂದಳು ವರ್ದಿಯಾ.

"ಕೂತ್ಕೋ. ಕಲ್ಲೇನು ನಂದಾ?"

ಬೆನ್ನು ಒಣಗಿ ಕಟ್ಟಿಗೆಯಾಗಿತ್ತು. ಮಹ್ಜೂಬಾ ಬಿಸಿನೀರು ಹೊಯ್ದು ಕಪ್ಪು ಸೋಪು ಹಚ್ಚಿ ಉಜ್ಜತೊಡಗಿದಳು. ಕೈ ಕೆಲಸ ಕಂಡು ಎಷ್ಟೋ ದಿನವಾಗಿತ್ತು, ಅದಕ್ಕೇ ಖುಷಿಯಾಯಿತು. ಮಾತು ಬೇಕೆನ್ನಿಸಿತು. ಸಮಾಧಾನ ಹೇಳಲು ಹೋಗಿ ಬಾಯಿಗೆ ಬಂದದ್ದನ್ನೇ ಆಡಿದಳು. "ಹೋಗ್ಲಿ ಬಿಡೇ. ನಿನ್ನ ಮಗ ಎಷ್ಟು ಕೆಟ್ರೂ ಬಟ್ಟೆ ಕಂಡು ನಿಂತ. ಆ ನಾಚಿಕೆ ಉಳಿದಿತ್ತು."

ವರ್ದಿಯಾ ಮುಖದ ನೀರು ಒರೆಸಿಕೊಂಡಳು. "ಅವನು ಬಟ್ಟೆ ಕಂಡು ನಿಂತಿದ್ದಲ್ಲ ಮಹ್ಜೂಬಾ. ಶೂ ಕಂಡು."

"ಯಾವ ಶೂ?"

"ನೀಲೀದು. ನಿನ್ನ ಹಿಂದೆ ಹೊಸಿಲ ಮೇಲೆ ಅರ್ಧ ಆಚೆ ಬಿದ್ದಿತ್ತಂತೆ. ಆವತ್ತು ಸಂಜೆ ಬಂದು ಊಟ ಬೇಡ ಅಂದ. ಗೋಡೆ ನೋಡ್ಕೊಂಡು ಕೂತಿದ್ದ. 'ಒಳಗಿದ್ರಮ್ಮ. ಹಿಂದೆ ಇದ್ದೋರಿಗೆ ಕಾಣ್ದೇ ಇರ್ಲಿ ಅಂತ ಶೂನ ಕಾಲಲ್ಲಿ ಒಳಗೆ ತಳ್ಳಿ ಬಂದೆ,' ಅಂದ."

ಮಹ್ಜೂಬಾಳ ಕೈ ನಿಂತಿತು. ಆ ಶೂವಿನ ಮಾತನ್ನು ಅವಳು ಯಾರ ಮುಂದೂ ಎತ್ತಿರಲಿಲ್ಲ, ಕಥೆಗೆ ಅದು ಬೇಕಾಗಿಯೇ ಇರಲಿಲ್ಲ. ಹೊಸಿಲಿಗೆ ತಾಗಿದ ಬೂಟು, ತಗ್ಗಿದ ತಲೆ, ಸರಿದಾಡಿದ ಕಾಲು ಎಲ್ಲ ಕಣ್ಣಮುಂದೆ ಬಂದವು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನಾನು ಹೇಳಿದ್ರೆ ಯಾರು ನಂಬ್ತಾರೆ? ತಾಯಿ ಅಲ್ವಾ. ನಿನ್ನ ಕೇಳೋಕೂ ಬಂದಿಲ್ಲ. ಅವನು ಬೂಜಮ್ಆಂಗೆ ಏನು ಮಾಡಿದಾನೆ ಅಂತ ನಂಗೊತ್ತು. ಮೈ ನೋಯ್ತಿತ್ತು, ಬಿಸಿನೀರು ಬೇಕಿತ್ತು, ಬಂದೆ. ಉಜ್ಜು."

ಮಹ್ಜೂಬಾ ಉಜ್ಜಿದಳು. ವರ್ದಿಯಾ ಹೋದ ಮೇಲೆ ಅಲ್ಲೇ ಕೂತು ಬಟ್ಟೆಯ ಕಡೆ ನೋಡಿದಳು. ನಾಳೆ ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಕೇಳುವುದಿಲ್ಲ. ಬಾಯಿಬಿಟ್ಟರೆ ಕೇರಿಗೆ ಅಷ್ಟು ಪ್ರೀತಿಯ ಕಥೆ ಅಲ್ಲಿಗೇ ಮುಗಿಯುತ್ತದೆ. ಮೊದಲ ಗ್ಲಾಸು ಚಹಾವೂ ಮುಗಿಯುತ್ತದೆ. ಪೊಲೀಸನ ಪರ ನಿಂತವಳು ಅಂತ ಉಗಿಯುತ್ತಾರೆ. ಇಷ್ಟು ದಿನ ಟೋಪಿ ಬೀಳಿಸಿದ, "ಅಮ್ಮಾ" ಅಂದ ಎಂದೆಲ್ಲ ಸೇರಿಸಿ ಹೇಳಿದ್ದು ನೆನಪಾಗಿ ಅವಳಿಗೆ ಮೈಯೆಲ್ಲ ಮುಜುಗರವಾಯಿತು.

ಮರುದಿನ ಶಾಲೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸರ್ಹಾನ್ ಮಕ್ಕಳ ಬೆಂಚಿನ ಮೇಲೆ ಮಂಡಿ ಮಡಚಿ ಕೂತಿದ್ದ. ಬೂಜಮ್ಆ ಅಂಗಿ ಎತ್ತಿ ಪಕ್ಕೆ ತೋರಿಸಿದ. ಇನ್ನಿಬ್ಬರು ಮಾತಾಡಿದರು. ಹೇಳಿದ್ದೆಲ್ಲ ನಿಜವೇ. ಸಮಿತಿಯ ಹಿರಿಯ, ಹಳೆಯ ಗಣಿತದ ಮೇಷ್ಟ್ರು, "ಇವನ ಪರವಾಗಿ ಯಾರಾದ್ರೂ ಇದೀರಾ?" ಎಂದು ಕೇಳಿದರು. ಯಾರೂ ಏಳಲಿಲ್ಲ.

ಮಹ್ಜೂಬಾ ಎದ್ದಳು. "ಖಾಲಾ! ಕಥೆ!" ಎಂದು ಹಿಂದಿನಿಂದ ಯಾರೋ ಕೂಗಿದರು, ಚಪ್ಪಾಳೆ ಬಿತ್ತು.

"ಕಥೆ ಅಲ್ಲ, ಸುಮ್ನಿರ್ರಿ," ಎಂದಳು. "ಇಷ್ಟು ದಿನ ನಾನು ಹೇಳಿದ್ದು ನಂಗೆ ಗೊತ್ತಿದ್ದಷ್ಟು. ಅದರ ಮೇಲೆ ಒಗ್ಗರಣೆ ಹಾಕಿದ್ದು ನಾನೇ. ಬಟ್ಟೆಗೆ ಇವನು ಮೋಸಹೋಗ್ಲಿಲ್ಲ. ಜವಾದನ ಶೂ ಹೊಸಿಲ ಮೇಲೆ ಬಿದ್ದಿತ್ತು, ಇವನು ನೋಡ್ದ. ಕಾಲಲ್ಲಿ ಒಳಗೆ ತಳ್ಳಿ ಜೀಪು ಹತ್ತಿದ. ಬೂಜಮ್ಆನ ಪಕ್ಕೆ ಮುರಿದಿದ್ದೂ ಇದೇ ಕಾಲು ಇರ್ಬಹುದು. ಅದನ್ನೂ ಬರ್ಕೊಳ್ಳಿ, ಇದನ್ನೂ ಬರ್ಕೊಳ್ಳಿ."

ಅಂಗಳದಲ್ಲಿ ಗುಜುಗುಜು ಎದ್ದಿತು. "ಮುದುಕಿಗೆ ಅರಳುಮರಳು," ಅಂದರು. "ವರ್ದಿಯಾ ಎಷ್ಟು ಕೊಟ್ಲು?" ಅಂದರು. ಮಹ್ಜೂಬಾಳ ಕಣ್ಣಲ್ಲಿ ನೀರು ಬಂತು, ಆದರೂ ಕೂರಲಿಲ್ಲ. ಮೇಷ್ಟ್ರು ಜವಾದನ ಕಡೆ ತಿರುಗಿದರು. ಅವನು ತನ್ನ ಕಾಲು ನೋಡಿಕೊಳ್ಳುತ್ತಿದ್ದ. ಅವೇ ನೀಲಿ ಶೂ.

"ಇದು ಹೊರಗೇ ಬಿದ್ದಿತ್ತು," ಎಂದ ನಿಧಾನಕ್ಕೆ. "ನಂಗೆ ಚೆನ್ನಾಗಿ ನೆನಪಿದೆ. ಒಳಗೆ ಹೆಂಗೆ ಬಂತು ಅಂತ ನಾನು ಯೋಚನೇನೇ ಮಾಡಿರ್ಲಿಲ್ಲ."

"ಹಾಗಾದ್ರೆ ಹೇಳು," ಎಂದರು ಮೇಷ್ಟ್ರು ಸರ್ಹಾನನಿಗೆ. "ಯಾಕೆ ಬಿಟ್ಟೆ?"

ಅವನು ತಲೆಯೆತ್ತಲಿಲ್ಲ. "ಆ ಬಾಗಿಲಿಂದ ಒಂದ್ಸಲ ಖಾಲಾ ನನ್ನ ಆಚೆ ಹಾಕಿದ್ರು. ಆವತ್ತು ಗಲ್ಲಿಯಲ್ಲಿ ನಿಂತು ಅತ್ತಿದ್ದೆ. ಒಳಗೆ ಎಲ್ರೂ ನಮ್ಮೋರೇ ಇದ್ರು, ನಾನೊಬ್ನೇ ಆಚೆ. ಮತ್ತೆ ಅದೇ ಬಾಗಿಲಲ್ಲಿ ನಿಂತಾಗ ಅದೇ ನೆನಪಾಯ್ತು. ಅಷ್ಟೇ."

ಸಮಿತಿಯವರು ಬಹಳ ಹೊತ್ತು ತಲೆಗೆ ತಲೆ ಕೊಟ್ಟು ಮಾತಾಡಿದರು. ಉಪ್ಪಿನ ಗಣಿ ಬೇಡ, ಊರಲ್ಲೇ ಇರಲಿ, ಭಾವಮೈದ ಅಗೆದು ಬಿಟ್ಟ ಗಲ್ಲಿಗಳಲ್ಲಿ ಕೊಳವೆ ಹೂಳುವವರ ಜೊತೆ ಗುದ್ದಲಿ ಹಿಡಿಯಲಿ, ಬೂಜಮ್ಆನ ಮುಂದೆ ದಿನಾ ಮುಖ ಕೊಟ್ಟು ಕೆಲಸ ಮಾಡಲಿ ಎಂದರು. ಬೂಜಮ್ಆ ಒಪ್ಪಲಿಲ್ಲ, ಉಗಿದು ಎದ್ದುಹೋದ. ಅವನನ್ನು ತಪ್ಪೆನ್ನಲು ಯಾರಿಗೂ ಬಾಯಿ ಬರಲಿಲ್ಲ.

ಮಹ್ಜೂಬಾ ಯಾರ ಮುಖವನ್ನೂ ನೋಡದೆ ಹಮಾಮಿಗೆ ಬಂದಳು. ಕರೆಯಾಯಿತು, ಬಟ್ಟೆ ಇಳಿಬಿಟ್ಟು ಕೂತಳು. ವರ್ದಿಯಾ ಬಂದಳು, ಮಾತಾಡದೆ ಬಿಸಿ ಗೋಡೆಗೆ ಒರಗಿದಳು. ಸ್ವಲ್ಪ ಹೊತ್ತಿಗೆ ಗಲ್ಲಿಯಲ್ಲಿ ಗಲಾಟೆ. ಹಾಜ್ಜಾ ತಾಮೂ ಬಕೆಟ್ಟು ಬೀಸುತ್ತಾ ಬರುತ್ತಿದ್ದಳು, ಹಿಂದೆ ಮಗ, ಮಗನ ಹಿಂದೆ ಇಬ್ಬರು ಸೊಸೆಯಂದಿರು.

"ಕಿವಿಯಾರೆ ಕೇಳಿದ್ಯೋ ಇಲ್ವೋ? ಆ ಬಟ್ಟೆಗೆ ಯಾರೂ ಮೋಸಹೋಗಿಲ್ಲ! ಮಹ್ಜೂಬಾ ತನ್ನ ಕಥೇನೇ ಸುಟ್ಕೊಂಡು ನಿಜ ಹೇಳಿದ್ಲು, ಅಂಥೋಳ ಬಾಗಿಲಿಗೆ ನಾನು ಹೋಗ್ಬಾರ್ದಾ? ಹೋಗೋ, ಮನೆಗೆ ಹೋಗಿ ಮಗು ಆಡ್ಸು!"

ಮಗ ಬಟ್ಟೆಯ ಮುಂದೆ ನಿಂತ. ಅದನ್ನೊಮ್ಮೆ ನೋಡಿದ. ಆಮೇಲೆ ಮುಖ ಗೋಡೆಯ ಕಡೆ ತಿರುಗಿಸಿಕೊಂಡು ಹೊರಟುಹೋದ. ಸೊಸೆಯಂದಿರು ಒಳಗೆ ಬಂದರು.

ತನ್ನ ಜಾಗದಲ್ಲಿ ವರ್ದಿಯಾ ಕೂತಿರುವುದನ್ನು ಕಂಡು ಹಾಜ್ಜಾ ತಾಮೂ ನಿಂತಲ್ಲೇ ನಿಂತಳು.

"ಸರ್ಕೊಳ್ಳೇ ಸ್ವಲ್ಪ ಆ ಕಡೆ," ಅಂದಳು ಮುದುಕಿ. "ಗೋಡೆಯೆಲ್ಲ ನಿಂದೇನಾ?"

ಆ ಗಲ್ಲಿಯಲ್ಲಿ ಈಗಲೂ ಕೊಳವೆಯ ಕೆಲಸ ನಡೆದೇ ಇದೆ. ಮಧ್ಯಾಹ್ನ ಗುದ್ದಲಿ ಹೆಗಲ ಮೇಲಿಟ್ಟುಕೊಂಡು ಆಳುಗಳು ಊಟಕ್ಕೆ ಹೋಗುವಾಗ ಹಮಾಮಿನ ಮುಂದೆ ಎಲ್ಲರೂ ಮುಖ ತಿರುಗಿಸುತ್ತಾರೆ. ಸರ್ಹಾನ್ ಎಲ್ಲರಿಗಿಂತ ಮುಂಚೆ, ನಾಲ್ಕು ಮನೆ ಹಿಂದಿನಿಂದಲೇ ತಿರುಗಿಸಿರುತ್ತಾನೆ. ಮಹ್ಜೂಬಾ ಒಳಗಿನಿಂದ ಬಟ್ಟೆಯ ಅಂಚಿನಲ್ಲಿ ಅವನ ಕಾಲು ದಾಟುವುದನ್ನು ನೋಡಿ, ಮತ್ತೆ ಕೈಗವಸು ತೊಟ್ಟುಕೊಳ್ಳುತ್ತಾಳೆ.